ಗಣಕದೊಳಗಿನ ಕೈಮರಗಳು

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕೈಮರವೆಂಬ ಊರು ಸಿಕ್ಕುತ್ತದೆ. ಬೆಟ್ಟ ನೋಡಲು ಬರುವ ಪ್ರವಾಸಿಗಳಿಗೆ ಅದು ವಾಹನ ತಪಾಸಣೆಯ ಠಾಣೆಯಿಂದಷ್ಟೇ ಪರಿಚಿತ. ಆದರೆ ಆ ಹೆಸರಿನ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಕೈಮರವೆಂದರೆ ದಾರಿ ತೋರಿಸುವ ಕಂಬ. ರಸ್ತೆಗಳು ಕೂಡುವಲ್ಲಿ ಒಂದು ಮರದ ಕಂಬವನ್ನು ನೆಟ್ಟು, ಅದಕ್ಕೆ ಕೈಗಳಂತೆ ಹಲಗೆಗಳನ್ನು ಜಡಿದು, ಒಂದೊಂದು ಹಲಗೆಯ ಮೇಲೂ ಆ ದಿಕ್ಕಿನ ಊರಿನ ಹೆಸರನ್ನು ಬರೆಯುತ್ತಿದ್ದರು. ಮೂಡಿಗೆರೆಯ ಕಡೆ ಇದೇ ವಸ್ತುವಿಗೆ ಇಂಗ್ಲಿಷಿನಿಂದ ಬಂದ ಹ್ಯಾಂಡ್‌ಪೋಸ್ಟ್ ಎಂಬ ಹೆಸರು ನಿಂತಿದೆ. ಕಳಸದ ದಾರಿಯಲ್ಲಿ ಬಾಳೂರು ಹ್ಯಾಂಡ್‌ಪೋಸ್ಟ್ ಎಂಬ ಸ್ಥಳವೇ ಉಂಟು. ಘಟ್ಟದ ಕೆಳಗೆ ಮಂಗಳೂರಿನ ಸುತ್ತಮುತ್ತ ಇದನ್ನೇ ಕೈಕಂಬವೆಂದು ಕರೆದರು. ಕಂಬಕ್ಕೆ ಇಟ್ಟ ಹೆಸರು ಮೂರು ಕಡೆಯೂ ಊರಿಗೇ ಅಂಟಿಕೊಂಡಿತು.

ಬಯಲುಸೀಮೆಯವರಿಗೆ ಕೈಮರದ ಬೆಲೆ ಅಷ್ಟಾಗಿ ತಿಳಿಯದು. ಅಲ್ಲಿ ದೂರದ ಗುಡಿಯ ಗೋಪುರವೋ ಕೆರೆಯ ಏರಿಯೋ ಕಣ್ಣಿಗೆ ಬೀಳುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಮೂಡಿಗೆರೆಯಿಂದ ಬಣಕಲ್ಲನ್ನು ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ ಒಂದು ದಾರಿ ಚಾರ್ಮಾಡಿ ಘಾಟಿಯನ್ನಿಳಿದು ಉಜಿರೆಯ ಕಡೆಗೆ ಹೋಗುತ್ತದೆ. ಇನ್ನೊಂದು ದಾರಿ ಕಳಸ, ಹೊರನಾಡುಗಳ ಕಡೆಗೆ ತಿರುಗುತ್ತದೆ. ಮಂಜು ಕವಿದ ಆಷಾಢದ ದಿನ ಅಲ್ಲಿ ತಪ್ಪು ಕವಲನ್ನು ಹಿಡಿದವನಿಗೆ ತಾನು ತಪ್ಪಿದ್ದೇನೆಂದು ತಿಳಿಯುವ ವೇಳೆಗೆ ಅರ್ಧ ಘಾಟಿ ಇಳಿದಾಗಿರುತ್ತದೆ. ಎರಡು ದಾರಿಗಳಲ್ಲೂ ಮರಗಳು ಒಂದೇ ಬಗೆಯಾಗಿ ಕಾಣುತ್ತವೆ.

ಗಣಕಯಂತ್ರದೊಳಗೂ ಇಂಥದೊಂದು ಮಲೆನಾಡು ಉಂಟು. ಅಲ್ಲಿಯ ಕೈಮರಗಳನ್ನು ಕುರಿತು ಈ ಲೇಖನದಲ್ಲಿ ನೋಡೋಣ.

ಕಾಲೇಜಿನ ಗಣಕ ಪ್ರಯೋಗಶಾಲೆಯಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು, ಚಿತ್ರಗಳ ಮೇಲೆ ಒತ್ತುವುದಕ್ಕೆ ಬದಲಾಗಿ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಆಜ್ಞೆಗಳನ್ನು ಓದಿ ನಡೆಸುವ ಕಾರ್ಯಕ್ರಮಕ್ಕೆ ಷೆಲ್ ಎಂದು ಹೆಸರು, ಎಂದರೆ ಚಿಪ್ಪು. ಯಂತ್ರದ ಯಂತ್ರಾಂಗಗಳೊಡನೆ ನೇರವಾಗಿ ವ್ಯವಹರಿಸುವ ಒಳಭಾಗ ತಿರುಳು. ಮನುಷ್ಯನ ಕೈಗೆ ತಗಲುವ ಹೊರಭಾಗ ಚಿಪ್ಪು. ಹಣ್ಣಿನ ಸಿಪ್ಪೆ ಸುಲಿದ ಮೇಲೂ ಕಾಫಿ ಬೀಜದ ಸುತ್ತ ಪಾರ್ಚ್‌ಮೆಂಟಿನ ಹೊದಿಕೆ ಉಳಿದಿರುವುದನ್ನು ಬಲ್ಲವರಿಗೆ ಈ ಹೋಲಿಕೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಯಂತ್ರದಲ್ಲಿ ಬರಹಗಳೂ ಲೆಕ್ಕಗಳೂ ಕಡತಗಳಾಗಿ ಇರುತ್ತವೆ. ಕಡತಗಳು ಕೋಶಗಳಲ್ಲಿ ಇರುತ್ತವೆ. ಒಂದು ಕೋಶದೊಳಗೆ ಇನ್ನೊಂದು ಕೋಶ, ಅದರೊಳಗೆ ಮತ್ತೊಂದು, ಹೀಗೆ ಕೊಂಬೆಯೊಡೆಯುತ್ತ ಹೋಗುವ ವೃಕ್ಷದಂತೆ ಇಡೀ ವ್ಯವಸ್ಥೆಯಿದೆ. ಬೇರಿನಿಂದ ಒಂದು ಎಲೆಯವರೆಗೆ ದಾಟಬೇಕಾದ ಕೊಂಬೆಗಳ ಹೆಸರುಗಳನ್ನು ಓರೆಗೆರೆಗಳಿಂದ ಬಿಡಿಸಿ ಬರೆದರೆ ಅದು ಪಥ. ಷೆಲ್ ಯಾವ ಹೊತ್ತಿನಲ್ಲಿಯೂ ಈ ವೃಕ್ಷದ ಯಾವುದೋ ಒಂದು ಕೋಶದಲ್ಲಿ 'ನಿಂತಿರುತ್ತದೆ'. ಅದು ಪ್ರಸಕ್ತ ಕೋಶ. ಅಲ್ಲಿಂದ ಬೇರೆ ಕೋಶಕ್ಕೆ ಹೋಗಲು 'ಸಿಡಿ' ಎಂಬ ಎರಡಕ್ಷರದ ಆಜ್ಞೆಯಿದೆ. (ಇಲ್ಲಿ ಆಜ್ಞೆಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇವೆ, ಯಂತ್ರದ ಮುಂದೆ ಕುಳಿತಾಗ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು.)

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕವನ್ನು ದಿನದಿನವೂ ಬರೆದಿಡುವುದು ಹಳೆಯ ಅಭ್ಯಾಸ. ಮಿಲಿಮೀಟರು ಬಂದು ಎಷ್ಟೋ ವರ್ಷಗಳಾದರೂ ತೋಟದ ಮಾತಿನಲ್ಲಿ ಮಳೆ ಇಂದಿಗೂ ಇಂಚು, ಸೆಂಟುಗಳಲ್ಲಿಯೇ ಸುರಿಯುತ್ತದೆ. ಆ ಲೆಕ್ಕ ಬರಿಯ ಹವ್ಯಾಸವಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಬೀಳುವ ಹೂಮಳೆಯ ಒಂದು ಇಂಚು ವರ್ಷದ ಫಸಲನ್ನು ನಿರ್ಧರಿಸಬಲ್ಲುದು. ಆ ಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಗಿಡಗಳೆಲ್ಲ ಬೆಳ್ಳಗೆ ಹೂ ಹೊರುತ್ತವೆ. ಮೂಡಿಗೆರೆಯ ಒಬ್ಬ ವಿದ್ಯಾರ್ಥಿನಿ ಅಜ್ಜನ ಕಾಲದ ಮಳೆಪುಸ್ತಕಗಳನ್ನೂ, ಕಳಸ ಮತ್ತು ಬಾಳೆಹೊನ್ನೂರುಗಳಲ್ಲಿರುವ ನೆಂಟರ ತೋಟಗಳ ಪುಸ್ತಕಗಳನ್ನೂ ಗಣಕಕ್ಕೆ ಏರಿಸುತ್ತಿದ್ದಾಳೆ ಎನ್ನೋಣ. ಊರಿಗೊಂದು ಕೋಶ, ಅದರೊಳಗೆ ವರ್ಷಕ್ಕೊಂದು ಕೋಶ, ಅದರೊಳಗೆ ತಿಂಗಳಿಗೊಂದು ಕಡತ. ಕಳಸದ ೧೯೮೭ನೆಯ ವರ್ಷದ ಕೋಶಕ್ಕೆ ಪಥ ಹೀಗಿರುತ್ತದೆ:

/ಹೋಮ್/ವಿದ್ಯಾರ್ಥಿ/ತೋಟ/ಮಳೆಲೆಕ್ಕ/ಕಳಸ/೧೯೮೭

ಮೂರು ಊರುಗಳ ಮಾರ್ಚಿ ತಿಂಗಳನ್ನು ಹೋಲಿಸಿ ನೋಡಬೇಕಾದರೆ ಆಕೆ ಇಂಥ ಮೂರು ಪಥಗಳ ನಡುವೆ ಗಂಟೆಗೆ ಇಪ್ಪತ್ತು ಸಲ ಓಡಾಡಬೇಕು. ಕೈ ನೋಯುವುದು ಹಾಗಿರಲಿ. ದೊಡ್ಡ ಅಪಾಯ ಬೇರೆಯೇ ಇದೆ. ಕಳಸದಲ್ಲಿ ನಿಂತಿದ್ದೇನೆಂದು ತಿಳಿದು ಮೂಡಿಗೆರೆಯ ಕೋಶದಲ್ಲಿ 'ಮಾರ್ಚ್' ಎಂಬ ಕಡತವನ್ನು ತಿದ್ದಿದರೆ ಯಂತ್ರ ಒಂದು ಮಾತನ್ನೂ ಆಡುವುದಿಲ್ಲ. ಅಲ್ಲಿಯೂ ಅದೇ ಹೆಸರಿನ ಕಡತವಿದೆಯಷ್ಟೆ. ಕಳಸದ ಹೂಮಳೆ ಮೂಡಿಗೆರೆಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಹಳೆಯ ಪುಸ್ತಕವನ್ನು ಗೆದ್ದಲು ತಿಂದ ಮೇಲೆ ಅದನ್ನು ಸರಿಪಡಿಸುವವರು ಯಾರೂ ಇರುವುದಿಲ್ಲ.

ಈ ತೊಂದರೆ ಹೊಸದೇನೂ ಅಲ್ಲ. ಕೋಶಗಳನ್ನು ವೃಕ್ಷದಂತೆ ಜೋಡಿಸುವ ಯೋಜನೆ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ರೂಪುಗೊಂಡಿತು. ಡೇಲಿ ಮತ್ತು ನಾಯ್ಮನ್ ಎಂಬಿಬ್ಬರು ೧೯೬೫ರಲ್ಲಿ ಅದನ್ನು ವಿವರಿಸಿ ಪ್ರಬಂಧ ಬರೆದರು. ಆ ಯೋಜನೆಯಿಂದ ಹೊರಬಂದ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ೧೯೬೯ರಲ್ಲಿ, ಪಿ. ಡಿ. ಪಿ. ೭ ಎಂಬ ಚಿಕ್ಕ ಯಂತ್ರದ ಮೇಲೆ ತಮ್ಮದೇ ವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ಅದೇ ಮುಂದೆ ಯುನಿಕ್ಸ್ ಆಯಿತು. ಆ ಮೊದಲ ಯುನಿಕ್ಸಿನಲ್ಲಿ ಕೋಶಗಳಿದ್ದುವು, ಆದರೆ ಪಥಗಳೇ ಇರಲಿಲ್ಲವೆಂದರೆ ಇಂದು ಆಶ್ಚರ್ಯವಾಗುತ್ತದೆ! ನಿಂತ ಕೋಶದಲ್ಲಿರುವ ಹೆಸರನ್ನು ಮಾತ್ರ ಹೇಳಬಹುದಿತ್ತು. ಓರೆಗೆರೆ ಹಾಕಿ ಮುಂದಿನ ಕೊಂಬೆಯನ್ನು ಹೆಸರಿಸುವಂತಿರಲಿಲ್ಲ. ನೆರೆಯವನ ಕೋಶದ ಕಡತವೊಂದು ಬೇಕಾದರೆ ಮೊದಲು ಅವನ ಕೋಶಕ್ಕೆ ಒಂದು ಕೊಂಡಿಯನ್ನು ತನ್ನ ಕೋಶದಲ್ಲಿ ಹಾಕಿಕೊಂಡು, ಆ ಕೊಂಡಿಯ ಮೂಲಕ ಕಡತಕ್ಕೆ ಇನ್ನೊಂದು ಕೊಂಡಿ ಹಾಕಿ, ಮೊದಲನೆಯದನ್ನು ಕಿತ್ತುಬಿಡಬೇಕಾಗಿತ್ತು. ರಸ್ತೆಯಾಗುವುದಕ್ಕೆ ಮುಂಚೆ ಕೈಮರ ಬಂದಂತೆ, ಪಥಕ್ಕಿಂತ ಮುಂಚೆ ಕೊಂಡಿ ಬಂದಿತ್ತು.

ಅದೇ ಕಾಲದ ಇನ್ನೊಂದು ಪ್ರಸಂಗವನ್ನು ರಿಚಿಯವರೇ ಮುಂದೆ ಬರೆದ ಇತಿಹಾಸಲೇಖನದಲ್ಲಿ ಹೇಳಿದ್ದಾರೆ. ನಮ್ಮ ವಿಷಯಕ್ಕೆ ಅದು ಅತ್ಯಂತ ಮುಖ್ಯವಾದುದು. ಒಂದೊಂದು ಆಜ್ಞೆಯನ್ನು ನಡೆಸಲೂ ಷೆಲ್ ತನ್ನ ಪ್ರತಿರೂಪವಾದ ಒಂದು ಮರಿ ಪ್ರಕ್ರಿಯೆಯನ್ನು ಹುಟ್ಟಿಸಿ, ಆ ಮರಿಗೆ ಕೆಲಸವನ್ನೊಪ್ಪಿಸಿ, ಅದು ಮುಗಿಯುವವರೆಗೆ ತಾನು ಕಾಯುವ ಪದ್ಧತಿಯನ್ನು ಅವರು ಹೊಸದಾಗಿ ಜಾರಿಗೆ ತಂದರು. ಎಲ್ಲವೂ ಸರಿಯಾಗಿ ನಡೆಯಿತು, ಕೋಶ ಬದಲಿಸುವ ಆಜ್ಞೆಯೊಂದನ್ನು ಬಿಟ್ಟು. ಆಗ ಅದರ ಹೆಸರು ಚಿಕ್ಕದಾಗಿರಲಿಲ್ಲ, 'ಸಿಎಚ್‌ಡಿಐಆರ್' ಎಂದಿತ್ತು. ಆಜ್ಞೆ ಕೊಡುತ್ತಾರೆ, ತಪ್ಪೇನೂ ವರದಿಯಾಗುವುದಿಲ್ಲ. ನೋಡಿದರೆ ನಿಂತ ಸ್ಥಳದಲ್ಲಿಯೇ ನಿಂತಿದ್ದಾರೆ. ಬಹಳ ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಕೋಶವನ್ನು ಬದಲಿಸಿದ್ದು ಮರಿ. ತನ್ನ ಮಟ್ಟಿಗೆ ಅದು ಪ್ರಾಮಾಣಿಕವಾಗಿ ಹೊಸ ಕೋಶಕ್ಕೆ ಹೋಗಿ, ಕೆಲಸ ಮುಗಿಯಿತೆಂದು ಅಲ್ಲಿಯೇ ಲಯವಾಯಿತು. ತಾಯಿ ಪ್ರಕ್ರಿಯೆಯಾದ ಷೆಲ್ ಕದಲಲೇ ಇಲ್ಲ. ತೋಟದ ಸಾಹುಕಾರರು ತಾವು ಕಳಸಕ್ಕೆ ಹೋಗಬೇಕೆಂದು ರೈಟರನ್ನು ಕಳಸಕ್ಕೆ ಕಳುಹಿಸಿದಂತಾಯಿತು. ರೈಟರು ಕಳಸವನ್ನು ತಲಪಿದರು. ಸಾಹುಕಾರರು ಮೂಡಿಗೆರೆಯ ಜಗಲಿಯಲ್ಲಿಯೇ ಕುಳಿತಿದ್ದರು.

ಆದ್ದರಿಂದ ಕೋಶ ಬದಲಿಸುವ ಆಜ್ಞೆಯನ್ನು ಷೆಲ್ಲಿನ ಮೈಯೊಳಗೇ ಸೇರಿಸಬೇಕಾಯಿತು. ಇಂದಿಗೂ ಅದು ಹಾಗೆಯೇ ಇದೆ. ೧೯೭೯ರ ಏಳನೆಯ ಆವೃತ್ತಿಯ ವೇಳೆಗೆ ಅದರ ಹೆಸರು 'ಸಿಡಿ' ಎಂದು ಕುಗ್ಗಿತು. ಇದರಿಂದ ಫಲಿಸುವ ಒಂದು ನಿಯಮವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ನಮ್ಮನ್ನು ಬೇರೆ ಕೋಶಕ್ಕೆ ಒಯ್ಯುವ ಯಾವ ಉಪಾಯವೂ ಸ್ವತಂತ್ರವಾದ ಕಾರ್ಯಕ್ರಮವಾಗಿರಲಾರದು. ಅದು ಷೆಲ್ಲಿನೊಳಗೆ ನಡೆಯುವ ಅಡ್ಡಹೆಸರೋ, ಷೆಲ್ಲಿನ ಭಾಷೆಯಲ್ಲಿ ಬರೆದ ಕ್ರಿಯೆಯೋ ಆಗಿರಬೇಕು. ಕೋಶ ಬದಲಿಸುವ ಚಿಕ್ಕ ಕಾರ್ಯಕ್ರಮವನ್ನು ತಾವಾಗಿಯೇ ಬರೆದು, ಅದೇಕೆ ಕೆಲಸ ಮಾಡುವುದಿಲ್ಲವೆಂದು ತಲೆ ಕೆರೆದುಕೊಳ್ಳುವ ಹೊಸಬರು ಥಾಂಪ್ಸನ್ ಮತ್ತು ರಿಚಿಯವರ ಸಹವಾಸದಲ್ಲಿಯೇ ಇದ್ದಾರೆ.

ಈಗ ಉಪಾಯಗಳಿಗೆ ಬರೋಣ. ಎಲ್ಲಕ್ಕಿಂತ ಸುಲಭವಾದ ಕೈಮರವನ್ನು ಯಂತ್ರವೇ ನೆಟ್ಟುಕೊಟ್ಟಿದೆ. ಬಳಕೆದಾರನ ಸ್ವಂತ ಕೋಶಕ್ಕೆ 'ಮನೆ' ಎಂದು ಹೆಸರು. ಹೆಸರೇನೂ ಕೊಡದೆ ಬರಿಯ 'ಸಿಡಿ' ಎಂದು ಒತ್ತಿದರೆ ಮನೆಗೆ ಬಂದು ಸೇರುತ್ತೇವೆ. ಪಥದೊಳಗೆ ಮನೆಯನ್ನು ಸೂಚಿಸಲು ~ ಎಂಬ ಅಲೆಗೆರೆಯನ್ನು ಬಳಸುತ್ತಾರೆ. ಈ ಅಲೆಗೆರೆ ಎಲ್ಲಿಂದ ಬಂತೆಂಬುದು ಸ್ವಾರಸ್ಯವಾಗಿದೆ. ಎಪ್ಪತ್ತರ ದಶಕದಲ್ಲಿ ಬಹಳ ಬಳಕೆಯಲ್ಲಿದ್ದ ಎ. ಡಿ. ಎಂ. ೩ಎ ಎಂಬ ತೆರೆಯಂತ್ರದ ಕೀಲಿಮಣೆಯಲ್ಲಿ ಅಲೆಗೆರೆಯೂ 'ಹೋಮ್' ಎಂಬ ಪದವೂ ಒಂದೇ ಕೀಲಿಯ ಮೇಲಿದ್ದುವು. ಆ ತೆರೆಯಂತ್ರ ಇಂದು ವಸ್ತುಸಂಗ್ರಹಾಲಯದ ಸ್ವತ್ತು. ಅದರ ಒಂದು ಕೀಲಿಯ ನೆನಪು ಮಾತ್ರ ಎಲ್ಲ ಯಂತ್ರಗಳಲ್ಲಿಯೂ ಉಳಿದಿದೆ.

ಇನ್ನೊಂದು ಉಪಾಯ 'ಸಿಡಿ -'. ಆಜ್ಞೆಯ ಮುಂದೆ ಒಂದು ಅಡ್ಡಗೆರೆ. ಇದು ಹಿಂದೆ ನಿಂತಿದ್ದ ಕೋಶಕ್ಕೆ ಮರಳಿಸುತ್ತದೆ. ಮತ್ತೆ ಒತ್ತಿದರೆ ಮತ್ತೆ ಇಲ್ಲಿಗೆ. ಎರಡೇ ಊರುಗಳ ನಡುವೆ ಓಡಾಡುವವರಿಗೆ ಇಷ್ಟೇ ಸಾಕು. ಊರುಗಳು ಹೆಚ್ಚಾದರೆ 'ಪುಷ್‌ಡಿ', 'ಪಾಪ್‌ಡಿ' ಎಂಬ ಜೋಡಿಯುಂಟು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಪ್ಪತ್ತರ ದಶಕದ ಕೊನೆಗೆ ಬರೆದ ಸಿ ಷೆಲ್ಲಿನಿಂದ ಇವು ಪ್ರಚಾರಕ್ಕೆ ಬಂದುವು. ಮೊದಲನೆಯದು ಈಗ ನಿಂತ ಸ್ಥಳವನ್ನು ಒಂದು ರಾಶಿಯ ಮೇಲಿಟ್ಟು ಹೊಸ ಸ್ಥಳಕ್ಕೆ ಹೋಗುತ್ತದೆ. ಎರಡನೆಯದು ರಾಶಿಯ ಮೇಲಿನದನ್ನು ತೆಗೆದು ಅಲ್ಲಿಗೆ ಮರಳಿಸುತ್ತದೆ. ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಕಾಫಿ ಮೂಟೆಗಳಂತೆ, ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಚೆನ್ನಾದ ಉಪಾಯವೇ ಸರಿ. ಆದರೆ ರಾಶಿಯಲ್ಲಿ ಏನೇನಿದೆಯೆಂದು ನೆನಪಿಡಬೇಕಾದ ಭಾರ ನಮ್ಮ ಮೇಲೆ ಬೀಳುವುದರಿಂದಲೋ ಏನೋ, ಇದನ್ನು ಹೊಗಳುವವರಷ್ಟು ಬಳಸುವವರನ್ನು ನಾವು ಕಂಡಿಲ್ಲ. ಕಿಟಕಿ ಮುಚ್ಚಿದರೆ ರಾಶಿಯೂ ಹೋಗುತ್ತದೆ.

ಇವೆಲ್ಲ ನೆನಪುಗಳು, ಕೈಮರಗಳಲ್ಲ. ಕೈಮರವೆಂದರೆ ಒಮ್ಮೆ ನೆಟ್ಟಮೇಲೆ ನಾಳೆಯೂ ಅಲ್ಲಿಯೇ ಇರಬೇಕು, ಮೇಲೆ ಹೆಸರಿರಬೇಕು. ಅಂಥದನ್ನು ನೆಡುವ ಒಂದು ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಬ್ಯಾಷ್ ಎಂಬ ಷೆಲ್ಲನ್ನು ಬಳಸುವವರು ಇದನ್ನು ಹತ್ತು ನಿಮಿಷದಲ್ಲಿ ಮಾಡಬಹುದು. ಬ್ರಯನ್ ಫಾಕ್ಸ್ ೧೯೮೯ರಲ್ಲಿ ಹೊರತಂದ ಈ ಷೆಲ್ ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮೊದಲು ಮನೆಯಲ್ಲಿ 'ಕೈಮರ' ಎಂಬ ಹೆಸರಿನ ಖಾಲಿ ಕೋಶವೊಂದನ್ನು ಮಾಡಬೇಕು. ಅನಂತರ ಅದರೊಳಗೆ ಬೇಕಾದ ಊರಿಗೆಲ್ಲ ಸಾಂಕೇತಿಕ ಕೊಂಡಿಯನ್ನು ಹಾಕಬೇಕು. ಸಾಂಕೇತಿಕ ಕೊಂಡಿಯೆಂದರೆ ಒಳಗೆ ಬೇರೊಂದು ಪಥವನ್ನು ಮಾತ್ರ ಬರೆದಿಟ್ಟುಕೊಂಡಿರುವ ಒಂದು ಚಿಕ್ಕ ಕಡತ; ೧೯೮೩ರ ಬರ್ಕ್ಲಿ ಯುನಿಕ್ಸಿನಿಂದ ಅದು ಎಲ್ಲೆಡೆ ಹರಡಿತು. ತಿರುಳು ಅದನ್ನು ಮುಟ್ಟಿದೊಡನೆ ಒಳಗೆ ಬರೆದ ಪಥವನ್ನು ಓದಿ ಅತ್ತ ತಿರುಗುತ್ತದೆ. ಕಂಬದ ಮೇಲೆ ಊರಿಲ್ಲ, ಊರಿನ ಹೆಸರಿದೆ ಅಷ್ಟೆ. ಆಜ್ಞೆ ಹೀಗೆ:

ಎಲ್‌ಎನ್ -ಎಸ್ ~/ತೋಟ/ಮಳೆಲೆಕ್ಕ/ಕಳಸ ~/ಕೈಮರ/ಕಳಸ

ಮೊದಲು ಊರು, ಆಮೇಲೆ ಕಂಬ. ಈ ಕ್ರಮ ಹೆಚ್ಚಿನವರಿಗೆ ತಲೆಕೆಳಗಾಗಿ ನೆನಪಿರುತ್ತದೆ. ಊರಿನ ಪಥವನ್ನು ಮನೆಯಿಂದಲೇ ಪೂರ್ತಿಯಾಗಿ ಬರೆಯುವುದು ಕ್ಷೇಮ; ಅರ್ಧ ಪಥವನ್ನು ಬರೆದರೆ ಅದನ್ನು ಕಂಬ ನಿಂತ ಸ್ಥಳದಿಂದ ಎಣಿಸಲಾಗುತ್ತದೆಯೇ ಹೊರತು ನಾವು ನಿಂತ ಸ್ಥಳದಿಂದಲ್ಲ.

ಈಗ ಕಂಬಗಳಿವೆ, ಆದರೆ ಅವು ಒಂದೇ ಕೋಶದಲ್ಲಿವೆ. ಎಲ್ಲಿ ನಿಂತರೂ ಅವು ಕಾಣುವಂತಾಗಬೇಕು. ಅದಕ್ಕೆ 'ಸಿಡಿಪಾತ್' ಎಂಬ ಚರವಿದೆ; ಇದನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ನಾವು 'ಸಿಡಿ ಕಳಸ' ಎಂದಾಗ ಷೆಲ್ ಸಾಮಾನ್ಯವಾಗಿ ನಿಂತ ಕೋಶದಲ್ಲಿ ಮಾತ್ರ ಕಳಸವನ್ನು ಹುಡುಕುತ್ತದೆ. ಸಿಡಿಪಾತ್‌ನಲ್ಲಿ ಕೋಶಗಳ ಪಟ್ಟಿಯೊಂದನ್ನು ಕೊಟ್ಟಿದ್ದರೆ ಅವುಗಳಲ್ಲಿ ಒಂದಾದ ಮೇಲೊಂದರಂತೆ ಹುಡುಕುತ್ತದೆ. ಷೆಲ್ ಪ್ರಾರಂಭವಾದಾಗಲೆಲ್ಲ ಓದುವ '.ಬ್ಯಾಷ್‌ಆರ್‌ಸಿ' ಕಡತದಲ್ಲಿ ಈ ಸಾಲನ್ನು ಸೇರಿಸಿದರೆ ಕೆಲಸ ಮುಗಿಯಿತು:

ಸಿಡಿಪಾತ್=.:~/ಕೈಮರ

ಮೊದಲಿನ ಚುಕ್ಕೆ ನಿಂತ ಕೋಶವನ್ನು ಸೂಚಿಸುತ್ತದೆ. ಅದನ್ನು ಬಿಟ್ಟರೆ ಎದುರಿಗೇ ಇರುವ ಕಳಸಕ್ಕೆ ಬದಲಾಗಿ ಕಂಬ ತೋರಿಸುವ ಕಳಸಕ್ಕೆ ಹೋಗಿಬಿಡುತ್ತೇವೆ. ಚುಕ್ಕೆಯಿದ್ದರೂ ಒಂದು ಇಕ್ಕಟ್ಟು ಉಳಿಯುತ್ತದೆ. ಚಿತ್ರಗಳ ಕೋಶದಲ್ಲಿ ನಿಂತಿದ್ದೇವೆ, ಅಲ್ಲಿ ಕಳಸದ ಪ್ರವಾಸದ ಭಾವಚಿತ್ರಗಳ ಕೋಶವೊಂದಿದೆ, ಅದರ ಹೆಸರೂ ಕಳಸ. ಆಗ 'ಸಿಡಿ ಕಳಸ' ಎಂದರೆ ಮಳೆಯ ಲೆಕ್ಕದ ಬದಲು ದೇವಸ್ಥಾನದ ಚಿತ್ರಗಳು ಸಿಕ್ಕುತ್ತವೆ. ಇದಕ್ಕಾಗಿ ಕಂಬಗಳ ಹೆಸರನ್ನು 'ಕೈ-ಕಳಸ', 'ಕೈ-ಮೂಡಿಗೆರೆ' ಎಂದು ಬೇರೆಮಾಡಿ ಇಡುವುದು ಜಾಣತನ. ಸಿಡಿಪಾತ್ ಮೂಲಕ ಬೇರೆಡೆಗೆ ಹೋದಾಗ ಷೆಲ್ ತಾನು ತಲಪಿದ ಸ್ಥಳವನ್ನು ಒಂದು ಸಾಲಿನಲ್ಲಿ ಮುದ್ರಿಸುತ್ತದೆ. ಆ ಸಾಲನ್ನು ಓದುವ ಅಭ್ಯಾಸವಿರಲಿ. ಇನ್ನೊಂದು ಮಾತು: ಈ ಚರವನ್ನು ಬೇರೆ ಕಾರ್ಯಕ್ರಮಗಳಿಗೂ ಕಾಣುವಂತೆ ರವಾನೆ ಮಾಡಬಾರದು. ಯಾರೋ ಬರೆದ ಆಜ್ಞಾಪತ್ರವೊಂದು ತನ್ನ ಪಕ್ಕದ ಕೋಶಕ್ಕೆ ಹೋಗುತ್ತೇನೆಂದು ತಿಳಿದು ನಮ್ಮ ಕಂಬವನ್ನು ನಂಬಿ ಮತ್ತೆಲ್ಲಿಗೋ ಹೋಗಿ, ಅಲ್ಲಿಯ ಕಡತಗಳನ್ನು ಅಳಿಸಿದರೆ ಅದರ ತಪ್ಪೇನೂ ಇಲ್ಲ.

ಕಂಬದ ಮೂಲಕ ಊರನ್ನು ತಲಪಿದ ಮೇಲೆ ಒಂದು ಸೋಜಿಗ ಎದುರಾಗುತ್ತದೆ. ಎರಡು ಚುಕ್ಕೆಗಳು (..) ಮೇಲಿನ ಕೋಶವನ್ನು ಸೂಚಿಸುತ್ತವೆ. ಕಂಬ ಹಿಡಿದು ಕಳಸಕ್ಕೆ ಬಂದೆವು, ಈಗ 'ಸಿಡಿ ..' ಎಂದರೆ ಎಲ್ಲಿಗೆ ಹೋಗುತ್ತೇವೆ? ಕಳಸದ ಮೇಲಿನ ಕೋಶ ಮಳೆಲೆಕ್ಕವಲ್ಲವೆ? ಆದರೆ ಷೆಲ್ ನಮ್ಮನ್ನು 'ಕೈಮರ' ಎಂಬ ಕೋಶಕ್ಕೆ ಕರೆದೊಯ್ಯುತ್ತದೆ. ಷೆಲ್ ನಾವು ಬಂದ ದಾರಿಯನ್ನು ಬರೆದಿಟ್ಟುಕೊಂಡಿದ್ದು, ಹೆಸರಿನ ಕೊನೆಯ ತುಂಡನ್ನು ಕತ್ತರಿಸಿ ಹಿಂದಕ್ಕೆ ನಡೆಯುತ್ತದೆ. ಉಳಿದ ಆಜ್ಞೆಗಳು ಹಾಗಲ್ಲ. ಅದೇ ಸ್ಥಳದಲ್ಲಿ ನಿಂತು 'ಮಾರ್ಚ್ ಕಡತವನ್ನು .. ಗೆ ನಕಲು ಮಾಡು' ಎಂದು ಆಜ್ಞಾಪಿಸಿದರೆ ಅದು ಮಳೆಲೆಕ್ಕದ ಕೋಶಕ್ಕೆ ಹೋಗಿ ಬೀಳುತ್ತದೆ. ತಿರುಳಿಗೆ ನಾವು ಬಂದ ದಾರಿ ಗೊತ್ತಿಲ್ಲ. ನಿಂತ ನೆಲ ಮಾತ್ರ ಗೊತ್ತು. ಒಂದೇ ಎರಡು ಚುಕ್ಕೆಗೆ ಒಂದೇ ಸ್ಥಳದಲ್ಲಿ ಎರಡು ಅರ್ಥ! ಇದನ್ನು ಅರಿಯದೆ ಕಡತ ಕಳೆದುಹೋಯಿತೆಂದು ಹುಡುಕುವವರು ಬಹಳ. ದಾರಿಯನ್ನು ಮರೆತು ನೆಲವನ್ನೇ ಹಿಡಿಯಬೇಕಾದರೆ 'ಸಿಡಿ -ಪಿ' ಎಂದು, ಪಿ ಅಕ್ಷರವನ್ನು ದೊಡ್ಡದಾಗಿ ಬರೆದು, ಆಮೇಲೆ ಕಂಬದ ಹೆಸರನ್ನು ಕೊಡಬೇಕು. ಆಗ ಷೆಲ್ಲೂ ನಿಜವಾದ ಪಥವನ್ನೇ ಬರೆದುಕೊಳ್ಳುತ್ತದೆ.

ಇಲ್ಲಿಯವರೆಗೆ ಕೋಶಗಳಿಗೆ ಕನ್ನಡದ ಹೆಸರುಗಳನ್ನು ಕೊಟ್ಟುದು ಬರಿಯ ಸೌಕರ್ಯಕ್ಕಾಗಿಯೆಂದು ಯಾರಾದರೂ ತಿಳಿದಿದ್ದರೆ ಅದು ಸರಿಯಲ್ಲ. ಲಿನಕ್ಸಿನಲ್ಲಿ ಕಡತದ ಹೆಸರಿನೊಳಗೆ ಓರೆಗೆರೆಯೂ ಶೂನ್ಯ ಬೈಟೂ ಬರಬಾರದೆಂಬುದನ್ನು ಬಿಟ್ಟರೆ ಬೇರೆ ನಿಷೇಧವಿಲ್ಲ. 'ಕಳಸ' ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ಇದು ಸಾಧ್ಯವಾದದ್ದು ಯುಟಿಎಫ್-೮ ಎಂಬ ಸಂಕೇತಪದ್ಧತಿಯಿಂದ. ಅದನ್ನು ೧೯೯೨ರಲ್ಲಿ ನ್ಯೂಜೆರ್ಸಿಯ ಊಟದ ಅಂಗಡಿಯೊಂದರಲ್ಲಿ ಕುಳಿತು ರೂಪಿಸಿದವರು ರಾಬ್ ಪೈಕ್ ಮತ್ತು ಅದೇ ಕೆನ್ ಥಾಂಪ್ಸನ್. ಪಥಗಳಿಲ್ಲದ ಯುನಿಕ್ಸನ್ನು ಕಟ್ಟಿದವರೇ ಇಪ್ಪತ್ತಮೂರು ವರ್ಷಗಳ ಮೇಲೆ ನಮ್ಮ ಕೈಮರಗಳ ಮೇಲೆ ಕನ್ನಡ ಬರೆಯಲು ಅನುವು ಮಾಡಿಕೊಟ್ಟರು. ಮೂಡಿಗೆರೆಯಲ್ಲಿ ನೆಲಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮-೨೦೦೭) ಕಾಫಿ ತೋಟದ ನಡುವಿನಿಂದಲೇ ಗಣಕದಲ್ಲಿ ಕನ್ನಡ ಉಳಿಯಬೇಕೆಂದು ಚಿಂತಿಸಿ ವಾದಿಸಿದುದನ್ನು ಇಲ್ಲಿ ನೆನೆಯಬಹುದು.

ಆದರೆ ಕನ್ನಡಕ್ಕೆ ಅದರದೇ ಲೆಕ್ಕಗಳಿವೆ. ಈ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. 'ಚಿಕ್ಕಮಗಳೂರು' ಕಣ್ಣಿಗೆ ಆರು ಅಕ್ಷರಗಳಾಗಿ ಕಾಣುತ್ತದೆ. ಯಂತ್ರ ಅದನ್ನು ಗುಣಿತ, ಒತ್ತುಗಳನ್ನು ಬಿಡಿಸಿ ೧೧ ಸಂಕೇತಗಳಾಗಿ ಎಣಿಸುತ್ತದೆ, ಬೈಟುಗಳು ೩೩. ಒಂದು ಹೆಸರಿಗೆ ಲಿನಕ್ಸಿನಲ್ಲಿ ಸಾಮಾನ್ಯವಾದ ಮಿತಿ ೨೫೫ ಬೈಟು. ಎಂದರೆ ಕನ್ನಡದಲ್ಲಿ ೮೫ ಸಂಕೇತಗಳು. ಊರಿನ ಹೆಸರಿಗೆ ಇದು ಧಾರಾಳ. ಹೆಚ್ಚು ಕುಟಿಲವಾದ ತೊಡಕು ಬೇರೆ. 'ಕೊಟ್ಟಿಗೆಹಾರ'ದ ಮೊದಲಕ್ಷರವನ್ನು ನೋಡಿ. ಅದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಲಿನಕ್ಸಿನ ತಿರುಳಿಗೆ ಮಾತ್ರ, ಬೈಟುಗಳನ್ನಷ್ಟೇ ಹೋಲಿಸುವುದರಿಂದ, ಅವು ಎರಡು ಬೇರೆ ಬೇರೆ ಊರುಗಳು. ಕಣ್ಣೆದುರಿಗೇ ಇರುವ ಕೋಶವನ್ನು ಷೆಲ್ 'ಇಲ್ಲ' ಎನ್ನುತ್ತಿದ್ದರೆ ಇದನ್ನು ಶಂಕಿಸಬೇಕು. ಹೆಸರನ್ನು ಕೈಯಾರೆ ಪೂರ್ತಿ ಬರೆಯದೆ, ಮೊದಲೆರಡು ಅಕ್ಷರ ಬರೆದು ಟ್ಯಾಬ್ ಕೀಲಿಯನ್ನು ಒತ್ತಿ ಯಂತ್ರದಿಂದಲೇ ತುಂಬಿಸಿಕೊಳ್ಳುವುದು ಸಾಮಾನ್ಯವಾಗಿ ಒಳ್ಳೆಯದು. ಆದರೆ ವ್ಯತ್ಯಾಸ ಮೊದಲಕ್ಷರದಲ್ಲಿಯೇ ಇದ್ದರೆ ಟ್ಯಾಬೂ ಕೈಕೊಡುತ್ತದೆ.

ರೋಮನ್ ಲಿಪಿಯಲ್ಲಿ ಆಜ್ಞೆ, ಕನ್ನಡದಲ್ಲಿ ಹೆಸರು ಎಂದಾದರೆ ಒಂದೇ ಸಾಲಿನಲ್ಲಿ ಎರಡು ಸಲ ಕೀಲಿಮಣೆಯ ವಿನ್ಯಾಸವನ್ನು ಬದಲಿಸಬೇಕಾಗುತ್ತದೆ. ಇದರ ಬೇಸರ ತಪ್ಪಿಸಲು ಸಿಡಿ ಆಜ್ಞೆಗೆ 'ಹೋಗು' ಎಂಬ ಅಡ್ಡಹೆಸರನ್ನು ಇಡಬಹುದು. ಬ್ಯಾಷ್ ಅದನ್ನು ಒಪ್ಪುತ್ತದೆ. ಆಮೇಲೆ 'ಹೋಗು ಕೈ-ಕಳಸ' ಎಂದರೆ ಸಾಕು. ಅಕ್ಷರಗಳು ಎಲ್ಲ ಕಿಟಕಿಗಳಲ್ಲಿಯೂ ಅಂದವಾಗಿ ಮೂಡುತ್ತವೆಂದು ಮಾತ್ರ ನಾವು ಹೇಳಲಾರೆವು. ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕುಳಿತುಕೊಳ್ಳುವುದುಂಟು.

ಕಂಬ ನೆಡುವ ಶ್ರಮವೇ ಬೇಡವೆನ್ನುವವರಿಗಾಗಿ ಝಡ್, ಆಟೋಜಂಪ್, ಝಾಕ್ಸೈಡ್ ಮೊದಲಾದ ಉಪಕರಣಗಳು ಬಂದಿವೆ. ನಾವು ಎಲ್ಲೆಲ್ಲಿಗೆ ಹೋಗುತ್ತೇವೆಂಬುದನ್ನು ಅವು ಮರೆಯಲ್ಲಿ ನಿಂತು ಎಣಿಸುತ್ತಿರುತ್ತವೆ. ಹೆಸರಿನ ಒಂದು ತುಂಡನ್ನು ಕೊಟ್ಟರೆ, ಆ ತುಂಡಿರುವ ಪಥಗಳಲ್ಲಿ ಅತ್ಯಂತ ಹೆಚ್ಚು ಅಂಕ ಪಡೆದುದಕ್ಕೆ ನೆಗೆಯುತ್ತವೆ. ಝಡ್ ಮೊದಲು ಅಂಕ ಕೊಡುತ್ತಿದ್ದ ಬಗೆ ಸರಳವಾಗಿತ್ತು: ಭೇಟಿಗಳ ಎಣಿಕೆಯನ್ನು, ಕೊನೆಯ ಭೇಟಿ ಒಂದು ಗಂಟೆಯೊಳಗಾಗಿದ್ದರೆ ೪ರಿಂದ, ಒಂದು ದಿನದೊಳಗಾಗಿದ್ದರೆ ೨ರಿಂದ ಗುಣಿಸುತ್ತಿತ್ತು; ಒಂದು ವಾರದೊಳಗಾಗಿದ್ದರೆ ೨ರಿಂದ, ಅದಕ್ಕೂ ಹಿಂದಾಗಿದ್ದರೆ ೪ರಿಂದ ಭಾಗಿಸುತ್ತಿತ್ತು. ಮಳೆಲೆಕ್ಕದ ಕಳಸಕ್ಕೆ ೪೦ ಸಲ ಹೋಗಿದ್ದೇವೆ, ಆದರೆ ಎರಡು ವಾರಗಳ ಹಿಂದೆ, ಅಂಕ ೧೦. ಚಿತ್ರಗಳ ಕಳಸಕ್ಕೆ ಹೋಗಿದ್ದು ೬ ಸಲ, ಆದರೆ ಈಗ ಅರ್ಧ ಗಂಟೆಯ ಹಿಂದೆ, ಅಂಕ ೨೪. ಇಂದು 'ಕಳಸ' ಎಂದರೆ ಚಿತ್ರಗಳು. ಒಟ್ಟು ಎಣಿಕೆ ೯೦೦೦ವನ್ನು ದಾಟಿದಾಗ ಎಲ್ಲವನ್ನೂ ೦.೯೯ರಿಂದ ಗುಣಿಸಿ, ೧ಕ್ಕಿಂತ ಕೆಳಗಿಳಿದವನ್ನು ಕೈಬಿಡುತ್ತದೆ. ಹೀಗೆ ನಡೆಯದ ಕಾಲುದಾರಿಗಳ ಮೇಲೆ ಹುಲ್ಲು ಬೆಳೆಯುತ್ತದೆ. ಬುದ್ಧಿವಂತಿಕೆಯ ಏರ್ಪಾಡು, ಸಂದೇಹವಿಲ್ಲ. ಓದುವುದಕ್ಕೂ ನೋಡುವುದಕ್ಕೂ ಇದನ್ನು ನಾವು ಮೆಚ್ಚುತ್ತೇವೆ. ತಿದ್ದುವ, ಅಳಿಸುವ ಕೆಲಸಕ್ಕೆ ಒಪ್ಪಲಾರೆವು. ನಿನ್ನೆ ಒಂದು ಕಡೆಗೆ, ಇಂದು ಮತ್ತೊಂದು ಕಡೆಗೆ ಕೈ ತೋರುವ ಕಂಬವನ್ನು ಯಾವ ಊರಿನವರೂ ನೆಟ್ಟುಕೊಂಡಿಲ್ಲ.

ಈ ಉಪಾಯಗಳಾವುವೂ ಯಂತ್ರದ ವೇಗವನ್ನು ಹೆಚ್ಚಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಕಂಬದ ಮೂಲಕ ಹೋದಾಗ ತಿರುಳು ಇನ್ನೂ ಒಂದು ಹೆಸರನ್ನು ಹೆಚ್ಚಾಗಿಯೇ ಹುಡುಕಬೇಕಾಗುತ್ತದೆ. ನಮಗೆ ಗೊತ್ತಾಗದಷ್ಟು ಅಲ್ಪಕಾಲ. ಉಳಿಯುವುದು ಮನುಷ್ಯನ ಸಮಯ, ಅದಕ್ಕಿಂತ ಹೆಚ್ಚಾಗಿ ಅವನ ಗಮನ. ಮೂವತ್ತು ಅಕ್ಷರದ ಪಥವನ್ನು ಬರೆದು ಮುಗಿಸುವ ವೇಳೆಗೆ ಯಾವ ಎರಡು ಅಂಕಿಗಳನ್ನು ಹೋಲಿಸಲು ಹೊರಟಿದ್ದೆವೋ ಅವು ಮನಸ್ಸಿನಿಂದ ಜಾರಿರುತ್ತವೆ.

ಕೋಶವನ್ನು ಬದಲಿಸಿ ಒಡನೆಯೇ ಏನನ್ನಾದರೂ ಅಳಿಸಬೇಕಾದ ಸಂದರ್ಭದಲ್ಲಿ ಎರಡು ಆಜ್ಞೆಗಳನ್ನು ಬೇರೆ ಬೇರೆಯಾಗಿ ಬರೆಯದೆ ನಡುವೆ && ಚಿಹ್ನೆಯಿಂದ ಜೋಡಿಸಬೇಕು. ಹಾಗೆ ಮಾಡಿದರೆ ಮೊದಲನೆಯದು ಸಫಲವಾದರೆ ಮಾತ್ರ ಎರಡನೆಯದು ನಡೆಯುತ್ತದೆ. ಕಂಬ ತೋರಿಸಿದ ಊರೇ ಇಲ್ಲವಾಗಿದ್ದರೆ ಸಿಡಿ ಸೋಲುತ್ತದೆ, ಅಳಿಸುವ ಆಜ್ಞೆ ಅಲ್ಲಿಗೇ ನಿಲ್ಲುತ್ತದೆ. ಊರು ಇಲ್ಲವಾಗುವುದು ಅಪರೂಪವಲ್ಲ. ಕೋಶವನ್ನು ಬೇರೆಡೆಗೆ ಸಾಗಿಸಿದಾಗ ಸಾಂಕೇತಿಕ ಕೊಂಡಿ ಅದರ ಹಿಂದೆ ಹೋಗುವುದಿಲ್ಲ. ಹಳೆಯ ಪಥವನ್ನೇ ತೋರಿಸುತ್ತ ನಿಂತಿರುತ್ತದೆ. ಅಂಥ ಕಂಬವನ್ನು ಕಿತ್ತು ಹೊಸದನ್ನು ನೆಡಬೇಕು. ಕೀಳುವಾಗ ಅಳಿಸುವ ಆಜ್ಞೆಗೆ ಕಂಬದ ಹೆಸರನ್ನಷ್ಟೇ ಕೊಡಬೇಕು: ~/ಕೈಮರ/ಕೈ-ಕಳಸ. ಹೆಸರಿನ ಕೊನೆಯಲ್ಲಿ ಇನ್ನೊಂದು ಓರೆಗೆರೆಯನ್ನು ಸೇರಿಸಕೂಡದು. ಓರೆಗೆರೆಯಿಲ್ಲದಿದ್ದರೆ ಅದು ಕಂಬ; ಓರೆಗೆರೆ ಬಂದೊಡನೆ ಅದು ಕಂಬ ತೋರಿಸುವ ಊರು. ಟ್ಯಾಬ್ ಕೀಲಿ ಹೆಸರನ್ನು ತುಂಬಿಸುವಾಗ ಕೆಲವೊಮ್ಮೆ ತಾನಾಗಿಯೇ ಆ ಓರೆಗೆರೆಯನ್ನು ಸೇರಿಸಿಬಿಡುವುದುಂಟು. ಒತ್ತುವ ಮುಂಚೆ ಸಾಲಿನ ಕೊನೆಯನ್ನು ಒಮ್ಮೆ ನೋಡಿಕೊಳ್ಳಬೇಕು.